ಪದ ಪರಿಚಯ: ಮಿರಿಡ್ ತಿಗಣೆ

ತಿಗಣೆ ಅಂದರೆ ನಮಗೆ ಮೊದಲು ನೆನಪಾಗುವುದು ಹಾಸಿಗೆ, ಅಲ್ವಾ? ಆದರೆ ತಿಗಣೆಗಳಲ್ಲಿ ಹೆಚ್ಚಿನವು ಹೀರುವುದು ಗಿಡದ ರಸವನ್ನು. ಮಿರಿಡ್ ಅಂಥ ತಿಗಣೆಗಳ ಒಂದು ಕುಟುಂಬ. ಹತ್ತು ಸಾವಿರಕ್ಕೂ ಜಾಸ್ತಿ ಜಾತಿಗಳು ಅದರಲ್ಲಿವೆ. ಹಾವೇರಿ ಕಡೆ ಹತ್ತಿ ಬೆಳೆಯುವವರಿಗೆ ಈ ಹೆಸರು ಹೊಸದಲ್ಲ. ಕರಾವಳಿಯ ಗೇರುತೋಟವನ್ನು ಕಾಡುವ ಟೀ ಸೊಳ್ಳೆ ಕೂಡ ಸೊಳ್ಳೆಯಲ್ಲ, ಇದೇ ಕುಟುಂಬದ್ದು.

ಜಪಾನಿನಲ್ಲಿ ಮೊದಲು ಇವನ್ನು 'ಮೆಕುರಾ ಕಮೆಮುಶಿ' ಅನ್ನುತ್ತಿದ್ದರು. ಅಂದರೆ ಕುರುಡು ತಿಗಣೆ. ಪಾಪ, ಅದಕ್ಕೆ ಎರಡು ದೊಡ್ಡ ಕಣ್ಣುಗಳೇ ಇವೆ! ಬೇರೆ ಎಷ್ಟೋ ತಿಗಣೆಗಳ ನೆತ್ತಿಯ ಮೇಲೆ ಇರುವ ಪುಟ್ಟ ಚುಕ್ಕಿಗಣ್ಣು ಇದಕ್ಕಿಲ್ಲ, ಅಷ್ಟೇ. ಕುರುಡರನ್ನು ಹೀಯಾಳಿಸುವ ಮಾತದು ಅಂತ ಆಮೇಲೆ 'ಕಸುಮಿ ಕಮೆಮುಶಿ', ಮಂಜಿನ ತಿಗಣೆ, ಎಂದು ಬದಲಾಯಿಸಿದರು. ಒಳ್ಳೆಯದೇ ಆಯಿತು.

ಅಲ್ಲಿನ ಹುಲ್ಲುಗಾವಲಿನ ಒಂದು ಮಿರಿಡ್ ಈಗ ಭತ್ತದ ರೈತರ ತಲೆನೋವು. ಹೆಸರು 'ಅಕಾಸುಜಿ', ಕೆಂಪು ಗೆರೆಯದು. ಶಾಸ್ತ್ರೀಯ ಹೆಸರು ಸ್ಟೆನೋಟಸ್ ರುಬ್ರೋವಿಟ್ಟಾಟಸ್. ಅದರಲ್ಲೂ ಕೆಂಪು ಗೆರೆಯೇ ಇದೆ. ಉದ್ದ ಸುಮಾರು 5 ಮಿಲಿಮೀಟರ್, ಒಂದು ಅಕ್ಕಿಕಾಳಿನಷ್ಟು. ಹಳದಿ ಬೆರೆತ ತಿಳಿಹಸಿರು ಮೈ, ಬೆನ್ನ ಮೇಲೆ ಮತ್ತು ರೆಕ್ಕೆಯ ಅಂಚಿನಲ್ಲಿ ಕೆಂಪು ಪಟ್ಟೆ. ಅದೇ ಗದ್ದೆಯಲ್ಲಿ ಸಿಗುವ ಇನ್ನೊಂದು ಮಿರಿಡ್‌ಗೂ ಮೀಸೆ ಕೆಂಪು. ಆದರೆ ಅದು ಕಡ್ಡಿಯಂತೆ ಸಣಕಲು, ಮೈಯೆಲ್ಲ ಹಸಿರು, ಪಟ್ಟೆ ಇಲ್ಲ. ಮೀಸೆ ನೋಡಿ ಮೋಸಹೋಗಬೇಡಿ, ಬೆನ್ನು ನೋಡಿ.

ಉತ್ತರದ ತೊಹೊಕು ಪ್ರಾಂತ್ಯದಲ್ಲಿ 2000ದ ನಂತರ ಇದರ ಕಾಟ ಜೋರಾಯಿತು. ನನಗನಿಸುವಂತೆ ಇಲ್ಲಿ ಬರೀ ಹುಳುವನ್ನು ದೂರಿ ಪ್ರಯೋಜನವಿಲ್ಲ. ಅಕ್ಕಿ ಜಾಸ್ತಿಯಾಯಿತೆಂದು ಜಪಾನ್ ಸರ್ಕಾರ 1970ರ ಹೊತ್ತಿಗೆ ಭತ್ತ ಕಡಿಮೆ ಮಾಡಿಸಿತು. ಎಷ್ಟೋ ಗದ್ದೆ ಪಾಳುಬಿತ್ತು, ಎಷ್ಟೋ ಕಡೆ ರೈಗ್ರಾಸ್ ಎಂಬ ಮೇವಿನ ಹುಲ್ಲು ಬಂತು. ಈ ತಿಗಣೆಗೆ ಬೇಕಾದದ್ದು ಹುಲ್ಲಿನ ತೆನೆ. ತಿನ್ನುವುದೂ ಅಲ್ಲೇ, ಮೊಟ್ಟೆ ಇಡುವುದೂ ಅಲ್ಲೇ. ಚಳಿಗಾಲ ಕಳೆಯುವುದೂ ಮೊಟ್ಟೆಯಾಗಿಯೇ.

ಭತ್ತ ತೆನೆ ಬಿಡುವ ಹೊತ್ತಿಗೆ ಬದುವಿನ ಹುಲ್ಲು ಕೊಯ್ದರೆ ಕೆಲಸ ಕೆಟ್ಟಿತು. ಜಾಗ ಕಳೆದುಕೊಂಡ ತಿಗಣೆ ಸೀದಾ ಗದ್ದೆಗೆ ಹಾರುತ್ತದೆ. ಹಾಗಾಗಿ ಎರಡು ವಾರ ಮೊದಲೇ ಕೊಯ್ದು ಮುಗಿಸಿ ಅನ್ನುತ್ತಾರೆ. ಹಾಲು ತುಂಬುವ ಕಾಳಿಗೆ ಅದು ಚುಚ್ಚಿದ ಕಡೆ ಕಂದು ಕಲೆ ಉಳಿಯುತ್ತದೆ. ತಿಂದರೆ ಏನೂ ಆಗದು. ಆದರೆ ಅಂಥ ಕಾಳು ಸಾವಿರಕ್ಕೆ ಒಂದಕ್ಕಿಂತ ಜಾಸ್ತಿ ಸಿಕ್ಕರೆ ಮೊದಲ ದರ್ಜೆ ಹೋಯಿತು, ಬೆಲೆಯೂ ಇಳಿಯಿತು.