ಟೈರ್‌ಗೆ ಎಷ್ಟು ಗಾಳಿ ಬೇಕು? ಕಾರಿನ ಬಾಗಿಲಲ್ಲೇ ಬರೆದಿದೆ

ಕಾರು ಸರ್ವೀಸಿಗೆ ತಂದವರನ್ನು ನಾನು ಮೊದಲು ಕೇಳುವುದು ಇದನ್ನೇ: ಟೈರ್‌ಗೆ ಎಷ್ಟು ಗಾಳಿ ಹಾಕಿಸುತ್ತೀರಿ? 30 ಅಂತಾರೆ ಕೆಲವರು. 35 ಅಂತಾರೆ ಇನ್ನು ಕೆಲವರು. ಯಾಕೆ ಅಷ್ಟೇ ಅಂದರೆ, ಹಿಂದಿನ ಕಾರಿಗೂ ಅಷ್ಟೇ ಹಾಕಿಸುತ್ತಿದ್ದೆ, ಗೆಳೆಯ ಹೇಳಿದ, ಗಾಳಿ ಹಾಕುವವರೇ ನೋಡಿಕೊಳ್ಳುತ್ತಾರೆ, ಹೀಗೆ ಏನೇನೋ ಉತ್ತರ ಬರುತ್ತದೆ. ಎಂಜಿನ್ ಆಯಿಲ್ ಯಾವ ಗ್ರೇಡ್ ಇರಬೇಕು ಅಂತ ಅರ್ಧ ಗಂಟೆ ಚರ್ಚೆ ಮಾಡುವವರೂ ಗಾಳಿ ವಿಷಯಕ್ಕೆ ಬಂದರೆ ಅಂದಾಜಿನ ಮೇಲೆ ನಡೆಸುತ್ತಾರೆ. ಇದು ನನಗೆ ಬೇಸರದ ವಿಷಯ. ಬ್ರೇಕ್ ಹಾಕಿದಾಗ, ತಿರುವಿನಲ್ಲಿ, ಮಳೆಯಲ್ಲಿ ಇಡೀ ಕಾರನ್ನು ರಸ್ತೆಗೆ ಹಿಡಿದಿಡುವುದು ಒಂದೊಂದು ಟೈರ್‌ನ ಅಂಗೈ ಅಗಲದ ಜಾಗ ಮಾತ್ರ. ಆ ಜಾಗ ನೆಲದ ಮೇಲೆ ಸರಿಯಾಗಿ ಕೂರಬೇಕಾದರೆ ಒಳಗಿನ ಗಾಳಿ ಸರಿ ಇರಬೇಕು.

ಎಷ್ಟು ಅಂತ ಊಹಿಸುವ ಅಗತ್ಯವೇ ಇಲ್ಲ. ಡ್ರೈವರ್ ಬಾಗಿಲು ತೆಗೆದು, ಬಾಗಿಲು ಬಂದು ಕೂರುವ ಕಂಬವನ್ನು ನೋಡಿ. ಅಲ್ಲೊಂದು ಚಿಕ್ಕ ಸ್ಟಿಕ್ಕರ್ ಇರುತ್ತದೆ. ಕೆಲವು ಕಾರುಗಳಲ್ಲಿ ಅದು ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಒಳಬದಿಯಲ್ಲಿ ಇರುತ್ತದೆ. ಎರಡೂ ಕಡೆ ಸಿಗದಿದ್ದರೆ ಕಾರಿನ ಜೊತೆ ಬಂದ ಪುಸ್ತಕದಲ್ಲಿ ಖಂಡಿತ ಇರುತ್ತದೆ. ಟೈರ್ ಸೈಜ್, ಮುಂದಿನ ಟೈರ್‌ಗೆ ಎಷ್ಟು, ಹಿಂದಿನದಕ್ಕೆ ಎಷ್ಟು, ಎಲ್ಲ ಅದರಲ್ಲೇ ಬರೆದಿರುತ್ತಾರೆ. ಪಿಎಸ್‌ಐ, ಬಾರ್, ಕಿಲೋಪ್ಯಾಸ್ಕಲ್ ಅಂತ ಮೂರು ಅಳತೆ ನೋಡಿ ಗೊಂದಲ ಬೇಡ. 1 ಬಾರ್ ಅಂದರೆ 14.5 ಪಿಎಸ್‌ಐ, ಅಂದರೆ 100 ಕಿಲೋಪ್ಯಾಸ್ಕಲ್. ಸ್ಟಿಕ್ಕರ್ ಮೇಲೆ 230 ಅಂತ ಇದ್ದರೆ ಅದು 2.3 ಬಾರ್, ಸುಮಾರು 33 ಪಿಎಸ್‌ಐ.

ಕಾರಿನ ತೂಕ, ಆ ತೂಕ ಮುಂದೆ ಎಷ್ಟು ಹಿಂದೆ ಎಷ್ಟು ಹಂಚಿಕೆಯಾಗಿದೆ, ಸಸ್ಪೆನ್ಷನ್ ಹೇಗಿದೆ, ಬ್ರೇಕ್ ಹಾಕಿದಾಗ ಎಷ್ಟು ದೂರದಲ್ಲಿ ನಿಲ್ಲುತ್ತದೆ, ಇದನ್ನೆಲ್ಲ ನೋಡಿ, ಓಡಿಸಿ, ಪರೀಕ್ಷಿಸಿ ಕಾರು ತಯಾರಿಸಿದವರು ಕೊಟ್ಟ ಲೆಕ್ಕ ಅದು. ಆದ್ದರಿಂದ ಪಕ್ಕದ ಮನೆಯವರ ಕಾರಿಗೂ ನಿಮ್ಮ ಕಾರಿಗೂ ಒಂದೇ ಸೈಜಿನ ಟೈರ್ ಇದ್ದರೂ ಗಾಳಿ ಬೇರೆ ಬೇರೆ ಇರಬಹುದು.

ಇಲ್ಲೇ ಜಾಸ್ತಿ ಜನ ದಾರಿ ತಪ್ಪುವುದು. ಟೈರ್‌ನ ಪಕ್ಕದಲ್ಲಿ, ಸೈಡ್‌ವಾಲ್ ಮೇಲೆ ಉಬ್ಬಕ್ಷರದಲ್ಲಿ ಮ್ಯಾಕ್ಸ್ ಪ್ರೆಶರ್ 44 ಪಿಎಸ್‌ಐ ಅಂತಲೋ 51 ಪಿಎಸ್‌ಐ ಅಂತಲೋ ಇರುತ್ತದೆ. ಅದನ್ನು ಓದಿ ಅಷ್ಟೂ ತುಂಬಿಸಿಕೊಂಡು ಬರುತ್ತಾರೆ. ಆ ಟೈರ್ ತಡೆದುಕೊಳ್ಳುವ ಗರಿಷ್ಠ ಮಿತಿ ಅದು, ಅಷ್ಟೇ. ಆ ಟೈರ್ ನಾಳೆ ಯಾವ ಕಾರಿಗೆ ಹೋಗುತ್ತದೆ ಅಂತ ಟೈರ್ ಕಂಪನಿಗೆ ಗೊತ್ತಿರುವುದಿಲ್ಲ ಅಲ್ವಾ? ನಿಮ್ಮ ಕಾರಿನ ಲೆಕ್ಕ ಗೊತ್ತಿರುವುದು ಬಾಗಿಲಿನ ಸ್ಟಿಕ್ಕರ್‌ಗೆ ಮಾತ್ರ.

ಇನ್ನು ಆ ಸ್ಟಿಕ್ಕರ್ ಮೇಲೆ ಕೋಲ್ಡ್ ಅಂತ ಒಂದು ಪದ ಇರುತ್ತದೆ. ಅದನ್ನು ಓದದೆ ಬಿಡುವವರೇ ಜಾಸ್ತಿ. ಟೈರ್ ತಣ್ಣಗಿದ್ದಾಗ ಇರಬೇಕಾದ ಗಾಳಿ ಅಂತ ಅದರ ಅರ್ಥ. ತಣ್ಣಗೆ ಅಂದರೆ ಕಾರು ನಿಲ್ಲಿಸಿ ಕನಿಷ್ಠ ಮೂರು ಗಂಟೆ ಆಗಿರಬೇಕು, ಇಲ್ಲವೇ ಒಂದೂವರೆ ಕಿಲೋಮೀಟರ್‌ಗಿಂತ ಜಾಸ್ತಿ ಓಡಿರಬಾರದು, ಅದೂ ನಿಧಾನವಾಗಿ. ಬೆಳಿಗ್ಗೆ ಕಾರು ತೆಗೆಯುವ ಮುಂಚೆ ನೋಡುವುದು ಎಲ್ಲಕ್ಕಿಂತ ಒಳ್ಳೆಯದು. ಮಧ್ಯಾಹ್ನದ ಬಿಸಿಲಿಗೆ ಒಂದು ಬದಿ ಕಾದಿದ್ದರೆ ಆ ಬದಿಯ ಎರಡು ಟೈರ್ ಜಾಸ್ತಿ ತೋರಿಸುತ್ತವೆ.

ಓಡಿದಾಗ ಟೈರ್ ಬಿಸಿಯಾಗುತ್ತದೆ, ಒಳಗಿನ ಗಾಳಿ ಬಿಸಿಯಾಗುತ್ತದೆ, ಒತ್ತಡ ಏರುತ್ತದೆ. ಲೆಕ್ಕ ಸುಲಭ. ಬೆಳಿಗ್ಗೆ 25 ಡಿಗ್ರಿ ಇದ್ದಾಗ ಸರಿಯಾಗಿ 33 ಹಾಕಿದ್ದೀರಿ ಅಂದುಕೊಳ್ಳಿ. ಹೆದ್ದಾರಿಯಲ್ಲಿ ಒಂದು ಗಂಟೆ ಓಡಿಸಿದ ಮೇಲೆ ಒಳಗಿನ ಗಾಳಿ 55 ಡಿಗ್ರಿಗೆ ಬಂದರೆ ಗೇಜ್ 38ರ ಹತ್ತಿರ ತೋರಿಸುತ್ತದೆ. ಇದು ತಪ್ಪೇನೂ ಅಲ್ಲ, ಹೀಗೇ ಆಗಬೇಕು, ಕಾರು ತಯಾರಿಸಿದವರು ಇದನ್ನೂ ಸೇರಿಸಿಯೇ 33 ಅಂತ ಬರೆದಿದ್ದಾರೆ. ಆದರೆ ದಾರಿಯಲ್ಲಿ ಪೆಟ್ರೋಲ್ ಹಾಕಿಸಲು ನಿಂತಾಗ, ಇದೂ ಒಂದು ಆಗಿಬಿಡಲಿ ಅಂತ ಗಾಳಿ ಚೆಕ್ ಮಾಡಿಸುತ್ತೀರಿ. ಗಾಳಿ ಹಾಕುವವರು 38 ನೋಡಿ, ಜಾಸ್ತಿ ಇದೆ ಅಂತ ವಾಲ್ವ್ ಒಳಗಿನ ಪಿನ್ ಒತ್ತಿ 33ಕ್ಕೆ ಇಳಿಸುತ್ತಾರೆ. ಮರುದಿನ ಬೆಳಿಗ್ಗೆ ಟೈರ್ ತಣ್ಣಗಾದಾಗ ಒಳಗೆ ಉಳಿದಿರುವುದು 28 ಮಾತ್ರ! ನೀವು ಮಾತ್ರ ನಿನ್ನೆ ತಾನೇ ಗಾಳಿ ಸರಿ ಮಾಡಿಸಿದ್ದೇನೆ ಅಂತ ನಿಶ್ಚಿಂತೆಯಿಂದ ಇರುತ್ತೀರಿ. ಬಿಸಿ ಟೈರ್‌ನಿಂದ ಗಾಳಿ ಬಿಡಿಸಬೇಡಿ, ಈ ಅಂಕಣದಲ್ಲಿ ಒಂದೇ ಮಾತು ನೆನಪಿಡುತ್ತೀರಿ ಅಂದರೆ ಇದನ್ನೇ ಇಟ್ಟುಕೊಳ್ಳಿ.

ಹಾಗಾದರೆ ಓಡಿದ ಮೇಲೆ ಗಾಳಿ ಹಾಕಿಸಲೇಬೇಕಾದ ಸಂದರ್ಭ ಬಂದರೆ? ಮನೆಯಲ್ಲಿ ಪಂಪ್ ಇಲ್ಲದವರಿಗೆ ಬೇರೆ ದಾರಿ ಇಲ್ಲ. ಆಗ ಸ್ಟಿಕ್ಕರ್‌ನ ಲೆಕ್ಕಕ್ಕಿಂತ 4 ಪಿಎಸ್‌ಐ ಜಾಸ್ತಿ ಹಾಕಿಸಿ, ಮರುದಿನ ಬೆಳಿಗ್ಗೆ ತಣ್ಣಗಿದ್ದಾಗ ಅಳೆದು ಸರಿ ಮಾಡಿಕೊಳ್ಳಿ. ಇದು ಅಂದಾಜಿನ ದಾರಿ, ಆದರೆ ಕಡಿಮೆ ಗಾಳಿಯಲ್ಲಿ ಓಡಿಸುವುದಕ್ಕಿಂತ ಎಷ್ಟೋ ಮೇಲು.

ಹವಾಮಾನ ಬದಲಾದಾಗಲೂ ಇದೇ ಕಥೆ. 30 ಡಿಗ್ರಿ ಇದ್ದ ದಿನ 33 ಹಾಕಿಸಿ, ಆಮೇಲೆ ಚಳಿಗಾಲ ಬಂದು ಬೆಳಿಗ್ಗೆ 10 ಡಿಗ್ರಿಗೆ ಇಳಿದರೆ, ಒಂದು ಚೂರೂ ಸೋರದೆಯೇ ಅದು 30 ಆಗಿರುತ್ತದೆ. ಚಳಿ ಶುರುವಾದ ವಾರದಲ್ಲೇ ಎಷ್ಟೋ ಕಾರುಗಳಲ್ಲಿ ಗಾಳಿ ಕಡಿಮೆ ಅಂತ ಎಚ್ಚರಿಸುವ ಟೈರ್ ಲೈಟ್ ಹತ್ತುವುದು ಇದಕ್ಕೇ. ಪಂಕ್ಚರ್ ಅಂತ ಗಾಬರಿ ಬೀಳುವ ಮೊದಲು ಗಾಳಿ ಅಳೆಯಿರಿ.

ಈಗ ಭಾರದ ವಿಷಯಕ್ಕೆ ಬರೋಣ. ಸ್ಟಿಕ್ಕರ್ ಮೇಲೆ ಎರಡು ಸಾಲು ಇದ್ದರೆ, ಒಂದರಲ್ಲಿ ಇಬ್ಬರೋ ಮೂವರೋ ಕೂತ ಚಿತ್ರ, ಇನ್ನೊಂದರಲ್ಲಿ ಐದು ಜನ ಮತ್ತು ಸೂಟ್‌ಕೇಸ್ ಚಿತ್ರ ಇರುತ್ತದೆ. ಎರಡನೇ ಸಾಲಿನಲ್ಲಿ ಹಿಂದಿನ ಟೈರ್‌ನ ಲೆಕ್ಕ ಜಾಸ್ತಿ ಇರುವುದನ್ನು ಗಮನಿಸಿ, ಕೆಲವು ಕಾರುಗಳಲ್ಲಿ 5 ಪಿಎಸ್‌ಐಗಿಂತಲೂ ಜಾಸ್ತಿ ವ್ಯತ್ಯಾಸ ಇರುತ್ತದೆ. ಯಾಕಂದರೆ ಹಿಂದಿನ ಸೀಟಿನ ಜನ, ಡಿಕ್ಕಿಯ ಸಾಮಾನು, ಇವೆಲ್ಲದರ ಭಾರ ಹೆಚ್ಚಾಗಿ ಹಿಂದಿನ ಎರಡು ಟೈರ್ ಮೇಲೆ ಬೀಳುತ್ತದೆ. ಭಾರವನ್ನು ಹೊರುವುದು ರಬ್ಬರ್ ಅಂತ ನಾವು ಅಂದುಕೊಳ್ಳುತ್ತೇವೆ. ಹೊರುವುದು ಬಹುಪಾಲು ಒಳಗೆ ತುಂಬಿದ ಗಾಳಿ. ವಾರವಿಡೀ ಒಬ್ಬರೇ ಕೆಲಸಕ್ಕೆ ಓಡಿಸುವ ಕಾರಿನಲ್ಲಿ ರಜೆ ಬಂತು ಅಂತ ಮನೆಮಂದಿಯೆಲ್ಲ ಕೂತು, ಡಿಕ್ಕಿ ತುಂಬಿಸಿ, ಹೆದ್ದಾರಿಯಲ್ಲಿ ನೂರರ ವೇಗದಲ್ಲಿ ಗಂಟೆಗಟ್ಟಲೆ ಹೋಗುವಾಗಲೂ ಗಾಳಿ ಮಾತ್ರ ಒಬ್ಬರಿಗೆ ಹಾಕಿದ್ದೇ ಇರುತ್ತದೆ. ಹೊರಡುವ ದಿನ ಬೆಳಿಗ್ಗೆ ಐದು ನಿಮಿಷದ ಕೆಲಸ ಇದು. ವಾಪಸ್ ಬಂದ ಮೇಲೆ, ಟೈರ್ ತಣ್ಣಗಾದಾಗ ಮತ್ತೆ ಮೊದಲಿನ ಲೆಕ್ಕಕ್ಕೆ ತನ್ನಿ.

ಗಾಳಿ ಕಡಿಮೆ ಇದ್ದರೆ ಏನಾಗುತ್ತದೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮೈಲೇಜ್ ಕಡಿಮೆಯಾಗುತ್ತದೆ ಅನ್ನೋದು ಎಲ್ಲರಿಗೂ ಗೊತ್ತು. ನಾಲ್ಕೂ ಟೈರ್‌ನಲ್ಲಿ 5 ಪಿಎಸ್‌ಐ ಕಡಿಮೆ ಇದ್ದರೆ ಹತ್ತಿರ ಹತ್ತಿರ ಶೇ 1ರಷ್ಟು ನಷ್ಟ. ನನ್ನ ದೃಷ್ಟಿಯಲ್ಲಿ ಅದು ಸಣ್ಣ ವಿಷಯ. ದೊಡ್ಡ ವಿಷಯ ಬಿಸಿ. ಚಕ್ರ ತಿರುಗುವಾಗ ನೆಲಕ್ಕೆ ತಾಗುವ ಕಡೆ ಸೈಡ್‌ವಾಲ್ ಬಾಗುತ್ತದೆ, ಮೇಲೆ ಹೋದಾಗ ಮತ್ತೆ ನೆಟ್ಟಗಾಗುತ್ತದೆ. ನೂರರ ವೇಗದಲ್ಲಿ ಇದು ಸೆಕೆಂಡಿಗೆ ಹದಿನಾಲ್ಕು ಸಲದಷ್ಟು ನಡೆಯುತ್ತದೆ. ಗಾಳಿ ಕಡಿಮೆ ಇದ್ದಷ್ಟೂ ಬಾಗುವುದು ಜಾಸ್ತಿ, ಬಾಗಿದಷ್ಟೂ ಬಿಸಿ ಜಾಸ್ತಿ. ಆ ಬಿಸಿಗೆ ರಬ್ಬರ್ ಮತ್ತು ಒಳಗಿನ ತಂತಿ, ನೂಲಿನ ಪದರಗಳ ನಡುವಿನ ಹಿಡಿತ ಸಡಿಲವಾಗುತ್ತಾ ಹೋಗುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಒಂದು ದಿನ ವೇಗದಲ್ಲಿರುವಾಗ ಟೈರ್ ಒಡೆಯುತ್ತದೆ, ಎಲ್ಲರೂ ಬಿಸಿಲಿಗೆ ಗಾಳಿ ಜಾಸ್ತಿಯಾಗಿ ಒಡೆಯಿತು ಅನ್ನುತ್ತಾರೆ. ಬಹಳ ಸಲ ನಿಜ ಅದರ ಉಲ್ಟಾ.

ಇಂಥ ಟೈರನ್ನು ರಿಮ್‌ನಿಂದ ಬಿಚ್ಚಿದಾಗ ಏನು ಕಾಣುತ್ತದೆ ಗೊತ್ತಾ? ಒಳಗೆ ಕೈಯಾಡಿಸಿದರೆ ಬೆರಳಿಗೆ ಕಪ್ಪು ಪುಡಿ ಅಂಟುತ್ತದೆ. ಸೈಡ್‌ವಾಲ್‌ನ ಒಳಮೈ ಉಜ್ಜಿ ಉಜ್ಜಿ ಉದುರಿದ ರಬ್ಬರ್ ಅದು. ಸುತ್ತಲೂ ಬಳೆಯ ಆಕಾರದಲ್ಲಿ ಒಂದು ಸವೆದ ಗೆರೆ ಇರುತ್ತದೆ, ಜಾಸ್ತಿ ಹಾಳಾಗಿದ್ದರೆ ಆ ಗೆರೆಯಲ್ಲಿ ನೂಲು ಇಣುಕುತ್ತದೆ. ಹೊರಗೆ ಟ್ರೆಡ್, ಅಂದರೆ ನೆಲಕ್ಕೆ ತಾಗುವ ಗೆರೆಗಳಿರುವ ಭಾಗ, ಹೊಸದರ ಹಾಗೇ ಇರಬಹುದು. ಪಂಕ್ಚರ್ ಆದ ಮೇಲೂ ಸ್ವಲ್ಪ ದೂರ ತಾನೇ ಅಂತ ಓಡಿಸಿಕೊಂಡು ಬಂದ ಟೈರ್‌ಗಳಲ್ಲಿ ಇದು ಮಾಮೂಲಿ. ಹೊರಗಿನಿಂದಲೇ ತೂತು ಮುಚ್ಚಿ ಗಾಳಿ ತುಂಬಿಸಿದರೆ ಅದು ನಿಲ್ಲುತ್ತದೆ, ಕಾರೂ ಓಡುತ್ತದೆ, ಆದರೆ ಆ ಟೈರನ್ನು ನಂಬುವಂತಿಲ್ಲ. ಗಾಳಿ ಪೂರ್ತಿ ಇಳಿದು ಓಡಿದ ಟೈರನ್ನು ಬಿಚ್ಚಿ ಒಳಗೆ ನೋಡಿಯೇ ಮುಂದೇನು ಅಂತ ತೀರ್ಮಾನಿಸಬೇಕು. ಕಪ್ಪು ಪುಡಿ ಸಿಕ್ಕಿತೋ, ಟೈರ್ ಬದಲಿಸಿ.

ಗಾಳಿ ಜಾಸ್ತಿ ಆದರೂ ತೊಂದರೆಯೇ, ಆದರೆ ಬೇರೆ ರೀತಿಯದು. ಟೈರ್ ನಡುವೆ ಉಬ್ಬಿ ಹಿಡಿತ ಕಡಿಮೆಯಾಗುತ್ತದೆ, ನಡುಭಾಗ ಬೇಗ ಸವೆಯುತ್ತದೆ, ಗುಂಡಿಗೆ ಬಿದ್ದಾಗ ಏಟು ತಿನ್ನುತ್ತದೆ. ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ ಇತ್ತು, ನಡು ಸವೆದಿದ್ದರೆ ಜಾಸ್ತಿ ಇತ್ತು, ಒಂದೇ ಅಂಚು ಸವೆದಿದ್ದರೆ ಅಲೈನ್‌ಮೆಂಟ್ ನೋಡಿಸಿ.

ಮೀಟರ್ ಬೋರ್ಡಿನಲ್ಲಿ ಲೈಟ್ ಬರುತ್ತದಲ್ಲ, ನಾವ್ಯಾಕೆ ಅಳೆಯಬೇಕು ಅಂತ ಈಚೆಗೆ ತುಂಬ ಜನ ಕೇಳುತ್ತಾರೆ. ಆ ಲೈಟ್ ಯಾಕೆ ಬಂತು ಅಂತ ತಿಳಿದರೆ ಅದರ ಮಿತಿಯೂ ಅರ್ಥವಾಗುತ್ತದೆ. ಅಮೆರಿಕದಲ್ಲಿ ಓಡುವ ಕಾರಿನ ಟೈರ್‌ನ ಟ್ರೆಡ್ ಕಿತ್ತುಬಂದು ಕಾರು ಮಗುಚಿ ಬಹಳ ಜನ ಸತ್ತ ಪ್ರಕರಣಗಳಾದ ಮೇಲೆ 2000ರಲ್ಲಿ ಅಲ್ಲಿ ಕಾನೂನು ಬಂತು. 2007ರ ಸೆಪ್ಟೆಂಬರ್ ಹೊತ್ತಿಗೆ ಅಲ್ಲಿನ ಎಲ್ಲ ಹೊಸ ಕಾರುಗಳಿಗೂ ಈ ಎಚ್ಚರಿಕೆ ಲೈಟ್ ಕಡ್ಡಾಯವಾಯಿತು. ಆದರೆ ಆ ನಿಯಮದ ಪ್ರಕಾರ ಗಾಳಿ ಶೇ 25ರಷ್ಟು ಇಳಿದಾಗ ಲೈಟ್ ಬಂದರೆ ಸಾಕು. 33 ಇರಬೇಕಾದ ಟೈರ್ 25ಕ್ಕೆ ಬರುವವರೆಗೂ ಲೈಟ್ ಸುಮ್ನೆ ಇರಬಹುದು ಅಂತಾಯಿತು! ಅದು ಅಪಾಯ ಬಂದಾಗ ಹೇಳುವ ವ್ಯವಸ್ಥೆ, ಅಳತೆ ನೋಡುವ ಗೇಜ್ ಅಲ್ಲ. ಕೆಲವು ಕಾರುಗಳಲ್ಲಿ ಟೈರ್ ಒಳಗೆ ಸೆನ್ಸರ್ ಇರುವುದೂ ಇಲ್ಲ, ಎಬಿಎಸ್ ಸೆನ್ಸರ್‌ನಿಂದ ಚಕ್ರ ತಿರುಗುವ ವೇಗ ನೋಡಿ ಊಹಿಸುತ್ತವೆ. ಅಂಥ ಕಾರಿನಲ್ಲಿ ಗಾಳಿ ಸರಿ ಮಾಡಿದ ಮೇಲೆ ರೀಸೆಟ್ ಮಾಡಲೇಬೇಕು. ಕಡಿಮೆ ಗಾಳಿಯಲ್ಲಿ ರೀಸೆಟ್ ಒತ್ತಿದರೆ ಅದು ಆ ಕಡಿಮೆ ಗಾಳಿಯನ್ನೇ ಸರಿ ಅಂತ ಕಲಿತುಕೊಳ್ಳುತ್ತದೆ.

ಮಾಮೂಲಿ ಗಾಳಿಯ ಬದಲು ಟೈರ್‌ಗೆ ತುಂಬಿಸುವ ನೈಟ್ರೋಜನ್ ಬಗ್ಗೆ ಜಾಸ್ತಿ ಹೇಳುವುದೇನಿಲ್ಲ. ನಾವು ಉಸಿರಾಡುವ ಗಾಳಿಯಲ್ಲೇ ಶೇ 78 ನೈಟ್ರೋಜನ್ ಇದೆ. ಶುದ್ಧ ನೈಟ್ರೋಜನ್ ಸ್ವಲ್ಪ ನಿಧಾನವಾಗಿ ಸೋರುತ್ತದೆ, ತೇವ ಇರುವುದಿಲ್ಲ. ಬಿಸಿಗೆ ಅದೂ ಹಿಗ್ಗುತ್ತದೆ. ಹಾಕಿಸಿದರೆ ತಪ್ಪಿಲ್ಲ, ಆದರೆ ಇನ್ನು ಚೆಕ್ ಮಾಡಬೇಕಾಗಿಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಯಾವ ತೊಂದರೆ ಇಲ್ಲದ ಟೈರ್ ಕೂಡ ತಿಂಗಳಿಗೆ 1ರಿಂದ 2 ಪಿಎಸ್‌ಐ ಕಳೆದುಕೊಳ್ಳುತ್ತದೆ, ಗಾಳಿ ರಬ್ಬರ್ ಮೂಲಕವೇ ನಿಧಾನವಾಗಿ ಹೊರಗೆ ಹೋಗುತ್ತದೆ. ಹಾಗಾಗಿ ತಿಂಗಳಿಗೊಮ್ಮೆ ನೋಡಲೇಬೇಕು. ಒಂದು ಡಿಜಿಟಲ್ ಗೇಜ್ ಇಟ್ಟುಕೊಳ್ಳಿ, ಪ್ರತಿ ಸಲ ಅದರಲ್ಲೇ ಅಳೆಯಿರಿ. ಎಲ್ಲೆಲ್ಲೋ ಬಿದ್ದು ಏಟು ತಿಂದ ಗೇಜ್‌ಗಳು ಒಂದೊಂದು ಕಡೆ ಒಂದೊಂದು ತೋರಿಸುತ್ತವೆ. ಕಣ್ಣಳತೆ ಅಥವಾ ಕಾಲಲ್ಲಿ ಒದ್ದು ನೋಡುವುದು ಪ್ರಯೋಜನಕ್ಕಿಲ್ಲ, ಇವತ್ತಿನ ರೇಡಿಯಲ್ ಟೈರ್ ಗಾಳಿ ಸರಿ ಇದ್ದಾಗಲೂ ಕೆಳಗೆ ಸ್ವಲ್ಪ ಉಬ್ಬಿಕೊಂಡೇ ಇರುತ್ತದೆ.

ನಾಲ್ಕರಲ್ಲಿ ಒಂದೇ ಟೈರ್ ಪ್ರತಿ ತಿಂಗಳು 4, 5 ಪಿಎಸ್‌ಐ ಇಳಿಯುತ್ತಿದ್ದರೆ ಸುಮ್ನೆ ಗಾಳಿ ತುಂಬಿಸುತ್ತಾ ಕೂರಬೇಡಿ. ವಾಲ್ವ್ ಮೇಲಿನ ಮುಚ್ಚಳ ಬಿಚ್ಚಿ, ಬಾಯಿಗೆ ಒಂದು ಹನಿ ಸೋಪಿನ ನೀರು ಬಿಡಿ. ನಿಧಾನವಾಗಿ ಗುಳ್ಳೆ ಎದ್ದರೆ ಪಿನ್ ಸೋರುತ್ತಿದೆ, ಅದು ಬಹಳ ಚಿಕ್ಕ ರಿಪೇರಿ. ಗುಳ್ಳೆ ಬರಲಿಲ್ಲವಾದರೆ ವಾಲ್ವ್‌ನ ಬುಡಕ್ಕೆ, ಆಮೇಲೆ ರಿಮ್ ಮತ್ತು ಟೈರ್ ಸೇರುವ ಅಂಚಿಗೆ ಹಚ್ಚಿ ನೋಡಿ. ಮೊಳೆ ಸಿಕ್ಕಿಕೊಂಡಿದ್ದರೆ ಅಲ್ಲೇ ಕಿತ್ತುಹಾಕಬೇಡಿ, ಪಂಕ್ಚರ್ ಅಂಗಡಿಯವರೆಗೆ ಗಾಳಿ ಹಿಡಿದಿಟ್ಟಿರುವುದೇ ಆ ಮೊಳೆ ಇರಬಹುದು.

ಟೈರ್ ಸೈಜ್ ಬದಲಿಸಿದವರು ಒಂದು ವಿಷಯ ಗಮನಿಸಿ. ಸ್ಟಿಕ್ಕರ್ ಲೆಕ್ಕ ಅದರಲ್ಲಿ ಬರೆದ ಸೈಜಿಗೆ ಮಾತ್ರ. ಎಕ್ಸ್‌ಎಲ್ (ಎಕ್ಸ್‌ಟ್ರಾ ಲೋಡ್, ಅಂದರೆ ಜಾಸ್ತಿ ಭಾರ ಹೊರುವ ಟೈರ್) ಅಂತ ಬರೆದ ಟೈರ್ ಹಾಕಿಸಿದ್ದರೆ ಅದು ತನ್ನ ಪೂರ್ತಿ ಭಾರ ಹೊರುವುದು 42 ಪಿಎಸ್‌ಐ ಆಸುಪಾಸಿನಲ್ಲಿ, ಕಡಿಮೆ ಗಾಳಿಯಲ್ಲಿ ಅಷ್ಟು ಭಾರ ಹೊರುವುದಿಲ್ಲ. ಸೈಜ್ ಬದಲಾಗಿದ್ದರೆ ಟೈರ್ ಕಂಪನಿಯ ಭಾರದ ಪಟ್ಟಿ ನೋಡಿ ಲೆಕ್ಕ ಹಾಕಿಕೊಡಲು ಹೇಳಿ, ಒಳ್ಳೆಯ ಟೈರ್ ಅಂಗಡಿಯವರಿಗೆ ಇದು ಗೊತ್ತಿರುತ್ತದೆ.

ಕೊನೆಗೆ ಸ್ಟೆಪ್ನಿ. ನಾಲ್ಕು ಟೈರ್ ನೋಡಿ ಐದನೆಯದನ್ನು ಮರೆಯುತ್ತೇವೆ, ಬೇಕಾದ ದಿನ ತೆಗೆದರೆ ಅದರಲ್ಲೇ ಗಾಳಿ ಇರುವುದಿಲ್ಲ. ಮಾಮೂಲಿ ಸೈಜಿನ ಸ್ಟೆಪ್ನಿ ಆದರೆ ಪೂರ್ತಿ ಭಾರದ ಲೆಕ್ಕಕ್ಕೆ ಹಾಕಿಟ್ಟಿರಿ, ಬೇಕಾದಾಗ ಇಳಿಸಿಕೊಳ್ಳುವುದು ಸುಲಭ. ತೆಳ್ಳಗಿನ ಸ್ಟೆಪ್ನಿ ಆದರೆ ಅದರ ಲೆಕ್ಕವೇ ಬೇರೆ, ಸಾಮಾನ್ಯವಾಗಿ 60 ಪಿಎಸ್‌ಐ, ಮತ್ತು ವೇಗ 80 ಕಿಲೋಮೀಟರ್ ದಾಟಬಾರದು. ಎರಡೂ ಅದರ ಮೇಲೇ ಬರೆದಿರುತ್ತದೆ.