ರಾಜ್ಯೋತ್ಸವದ ರಜೆಗೆ ಅರ್ಜಿ ಯಾಕೆ?

ನವೆಂಬರ್ 1 ಹತ್ತಿರ ಬಂದರೆ ಸಾಕು, ಕೆಲಸದ ವಾಟ್ಸಾಪ್ ಗುಂಪುಗಳಲ್ಲಿ ಇಂಥದ್ದೊಂದು ಸಂದೇಶ ಬರುತ್ತದೆ: "ರಾಜ್ಯೋತ್ಸವಕ್ಕೆ ರಜೆ ಬೇಕಾದವರು ಅರ್ಜಿ ಹಾಕಿ, ಇಎಲ್‌ನಲ್ಲಿ (ಗಳಿಕೆ ರಜೆಯಲ್ಲಿ) ಕಳೆಯಲಾಗುವುದು." ಎಚ್‌ಆರ್‌ನವರೇ ಹೀಗೆ ಬರೆದರೆ ಉಳಿದವರು ನಂಬದೆ ಇರ್ತಾರಾ?

ಗೊಂದಲ 'ರಜೆ' ಅನ್ನೋ ಪದದಲ್ಲೇ ಇದೆ. ಇದರ ಮೂಲ ಅರಬ್ಬಿ, ಅರ್ಥ ಒಪ್ಪಿಗೆ. ಹಿಂದಿ, ಉರ್ದುಗಳಲ್ಲಿ 'ರಜಾ' ಅಂದರೆ ಈಗಲೂ ಸಮ್ಮತಿಯೇ. ನಮ್ಮಲ್ಲಿ, ಮರಾಠಿಯಲ್ಲಿ ಅದು ಕೆಲಸಕ್ಕೆ ಬರದಿರಲು ಸಿಗುವ ಅಪ್ಪಣೆಯಾಯಿತು, ಆಮೇಲೆ ಆ ದಿನಕ್ಕೇ ಹೆಸರಾಯಿತು. ಧಾರವಾಡದ ಕಡೆಯ 'ಸೂಟಿ' ಮರಾಠಿಯ 'ಸುಟ್ಟಿ'ಯಿಂದ ಬಂದದ್ದು, ಅಂದರೆ ಬಿಡುಗಡೆ. ಅದರಲ್ಲಿ ಅಪ್ಪಣೆಯ ವಾಸನೆ ಕಡಿಮೆ. ಉಳಿದಂತೆ ನಾವು ಕೇಳಿ ಪಡೆಯುವ ಇಎಲ್‌ಗೂ ರಜೆ ಅಂತೀವಿ, ಕೇಳದೆಯೇ ಸಿಗಬೇಕಾದ ದಿನಕ್ಕೂ ರಜೆ ಅಂತೀವಿ.

ಕೇಳದೆ ಸಿಗಬೇಕಾದ ದಿನಗಳಿಗೆ ಕರ್ನಾಟಕದಲ್ಲಿ ಬೇರೆ ಕಾಯ್ದೆಯೇ ಇದೆ, ಕೈಗಾರಿಕಾ ಸಂಸ್ಥೆಗಳ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾಯ್ದೆ, 1963. ಹೆಸರಲ್ಲಿ ಕೈಗಾರಿಕೆ ಅಂತಿದ್ದರೂ ಅಂಗಡಿ, ಕಚೇರಿಗಳೂ ಇದರೊಳಗೆ ಬರುತ್ತವೆ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1, ಜೊತೆಗೆ ಐದು ಹಬ್ಬಗಳು. ಆ ದಿನ ಮನೆಯಲ್ಲಿದ್ದರೂ ಸಂಬಳ ಉಂಟು. ಇಎಲ್ ಮುಟ್ಟುವ ಹಾಗಿಲ್ಲ.

ಆ ದಿನ ಕೆಲಸ ಮಾಡಿಸಿಕೊಂಡರೆ? ದಿನಗೂಲಿ 600 ರೂಪಾಯಿ ಅಂದುಕೊಳ್ಳಿ. 1,200 ಕೊಡಬೇಕು. ಇಲ್ಲವೇ ಅವತ್ತಿನ 600 ಕೊಟ್ಟು, ಬದಲಿಗೆ ಇನ್ನೊಂದು ದಿನ ಸಂಬಳ ಸಹಿತ ರಜೆ ಕೊಡಬೇಕು. ಇದನ್ನೇ "ಹಬ್ಬಕ್ಕೆ ಬಂದವರಿಗೆ ಡಬಲ್ ಸಂಬಳ, ಮಾಲೀಕರ ಉಡುಗೊರೆ" ಅಂತ ಹೊಗಳೋದು ನನಗೆ ಸ್ವಲ್ಪವೂ ಸರಿ ಕಾಣಲ್ಲ. ಅದು ದುಡಿದವರ ಹಕ್ಕು. ಬರೀ ಕಾಂಪ್ ಆಫ್ (ಬದಲಿ ರಜೆ) ಕೊಟ್ಟು ಆ ದಿನದ ಸಂಬಳ ಹಿಡಿದರೆ ಲೆಕ್ಕ ಚುಕ್ತಾ ಆಗಲ್ಲ.

ಇಎಲ್ ಮಾತ್ರ ದುಡಿದು ಗಳಿಸುವ ರಜೆ, ಸಾಮಾನ್ಯವಾಗಿ 20 ದಿನದ ಕೆಲಸಕ್ಕೆ ಒಂದು. ಯಾವಾಗ ಹಾಕಬೇಕು ಅನ್ನೋದಕ್ಕೆ ಇಲ್ಲಿ ಒಪ್ಪಿಗೆ ಬೇಕು, ನಿಜ. ಆದರೆ ಇಎಲ್ ನಡುವೆ ಬರುವ ರಜಾದಿನವನ್ನು ಅದರಲ್ಲಿ ಸೇರಿಸಬಾರದು ಅಂತ 1948ರ ಕಾರ್ಖಾನೆ ಕಾಯ್ದೆಯಲ್ಲೇ ಬರೆದಿದ್ದರು. ಸೋಮವಾರದಿಂದ ಶುಕ್ರವಾರದ ತನಕ ಊರಿಗೆ ಹೋದಿರಿ, ನಡುವೆ ಆಗಸ್ಟ್ 15 ಬಂತು ಅಂದರೆ ಕಳೆಯಬೇಕಾದ್ದು ನಾಲ್ಕೇ ದಿನ, ಐದಲ್ಲ.