ಪೈಕಾ ಮತ್ತು ಕಬ್ಬಿಣಾಂಶದ ಕೊರತೆ: ಮಣ್ಣು ತಿನ್ನುವವರನ್ನು ಬೈಯುವ ಮೊದಲು

ಆಹಾರವಲ್ಲದ್ದನ್ನು ಒಂದು ತಿಂಗಳಾದರೂ ಬಿಡದೆ ತಿನ್ನುತ್ತಿದ್ದರೆ ಅದು ಪೈಕಾ. ಎರಡು ವರ್ಷದೊಳಗಿನ ಮಗು ಸಿಕ್ಕಿದ್ದೆಲ್ಲ ಬಾಯಿಗೆ ಹಾಕಿಕೊಂಡರೆ ಅದನ್ನು ಇದಕ್ಕೆ ಸೇರಿಸುವುದಿಲ್ಲ. ನಮ್ಮ ಕಡೆ ಜಾಸ್ತಿ ಕಾಣುವುದು ಬಳಪ, ಸೀಮೆಸುಣ್ಣ, ಕೆಮ್ಮಣ್ಣು, ಬೂದಿ. ಹಸಿ ಅಕ್ಕಿ ಮುಕ್ಕುವುದನ್ನೂ ಇಡೀ ದಿನ ಐಸ್ ಕಡಿಯುವುದನ್ನೂ ವೈದ್ಯರು ಇದೇ ಸಾಲಿನಲ್ಲಿ ನೋಡುತ್ತಾರೆ.

ಕಬ್ಬಿಣಾಂಶದ ಕೊರತೆಯಿಂದ ಪೈಕಾ ಬರುತ್ತದೋ, ಪೈಕಾದಿಂದ ಕೊರತೆಯೋ? ಎರಡೂ ಆಗುತ್ತದೆ. ಕೆಲವು ಜೇಡಿಮಣ್ಣು ಕರುಳಿನಲ್ಲಿ ಕಬ್ಬಿಣವನ್ನು ಹಿಡಿದಿಟ್ಟುಕೊಂಡು ರಕ್ತಕ್ಕೆ ಸೇರಲು ಬಿಡುವುದಿಲ್ಲ. ಮಣ್ಣಿನ ಜೊತೆ ಜಂತುಹುಳುವಿನ ಮೊಟ್ಟೆಯೂ ಹೊಟ್ಟೆಗೆ ಹೋಗುತ್ತದೆ. ಹಾಗಾಗಿ 'ಮಣ್ಣಿನಲ್ಲಿ ಕಬ್ಬಿಣ ಇದೆ, ದೇಹ ಅದನ್ನೇ ಕೇಳುತ್ತಿದೆ' ಅನ್ನುವ ಮಾತು ಸುಲಭವಾಗಿ ನಿಲ್ಲುವುದಿಲ್ಲ. ಐಸ್‌ನಲ್ಲಿ ಕಬ್ಬಿಣ ಎಲ್ಲಿದೆ, ಅಲ್ವಾ?

ಆದರೆ ಕೊರತೆಯ ಜೊತೆ ತುಂಬಾ ಗಟ್ಟಿಯಾದ ನಂಟಿರುವುದು ಈ ಐಸ್ ಆಸೆಗೇ. ಮಿದುಳಿನಲ್ಲಿ ಡೋಪಮೈನ್ ಎಂಬ, ಬಯಕೆಗೆ ಸಂಬಂಧಿಸಿದ ರಾಸಾಯನಿಕ ತಯಾರಾಗಲು ಕಬ್ಬಿಣ ಬೇಕು. ಕಬ್ಬಿಣ ಕಡಿಮೆಯಾದಾಗ ಬಯಕೆಗಳು ಹೀಗೆ ದಿಕ್ಕು ತಪ್ಪುತ್ತವೆ ಎಂಬುದು ಒಂದು ವಿವರಣೆ, ಇನ್ನೂ ಪೂರ್ತಿ ಸಾಬೀತಾಗಿಲ್ಲ. ನನಗೆ ತುಂಬಾ ಮುಖ್ಯ ಅನ್ನಿಸುವುದು ಇದು: ಕಬ್ಬಿಣಾಂಶದ ಮಾತ್ರೆ ಶುರು ಮಾಡಿದ ಮೇಲೆ ಎಷ್ಟೋ ಜನರಲ್ಲಿ ಹಿಮೋಗ್ಲೋಬಿನ್ ಸರಿಯಾಗುವ ಮೊದಲೇ, ಒಂದೆರಡು ವಾರದಲ್ಲೇ, ಐಸ್ ಆಸೆ ಹೋಗಿಬಿಡುತ್ತದೆ.

ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಒಂದನ್ನೇ ನೋಡಿ ಸುಮ್ನೆ ಆಗಬೇಡಿ. ಅದು 12 ಗ್ರಾಂ (ಡೆಸಿಲೀಟರ್‌ಗೆ) ದಾಟಿದ್ದರೂ ದೇಹದ ಕಬ್ಬಿಣದ ದಾಸ್ತಾನು ಖಾಲಿಯಾಗಿರಬಹುದು. ಆ ದಾಸ್ತಾನು ತೋರಿಸುವುದು ಫೆರಿಟಿನ್. ಆರೋಗ್ಯವಂತ ವಯಸ್ಕರಲ್ಲಿ ಅದು ಮಿಲಿಲೀಟರ್‌ಗೆ 15 ನ್ಯಾನೊಗ್ರಾಂಗಿಂತ ಕಡಿಮೆ ಇದ್ದರೆ ಕೊರತೆ ಎಂದೇ ಅರ್ಥ. ಆದರೆ ಜ್ವರ, ಸೋಂಕು ಇದ್ದಾಗ ಫೆರಿಟಿನ್ ಏರಿ ಕೊರತೆಯನ್ನು ಮುಚ್ಚಿಡಬಹುದು.

ಕೇಳುವ ರೀತಿಯೂ ಕಲಿಯಬೇಕಾದ ವಿಷಯ. 'ಮಣ್ಣು ತಿಂತೀಯಾ?' ಅಂದರೆ ಬಸುರಿ ಹೆಂಗಸು ಅತ್ತೆಯ ಮುಖ ನೋಡಿ ಇಲ್ಲ ಅಂತಾಳೆ. 'ಈ ಸಮಯದಲ್ಲಿ ಕೆಲವರಿಗೆ ಮಣ್ಣು, ಹಸಿ ಅಕ್ಕಿ ತಿನ್ನಬೇಕು ಅನ್ಸುತ್ತೆ. ನಿಮಗೂ ಹಾಗೆ ಅನ್ಸುತ್ತಾ ಅಕ್ಕಾ?' ಅಂತ ಒಬ್ಬರೇ ಇದ್ದಾಗ ಕೇಳಿ. ಬೈಗುಳದಿಂದ ಬಯಕೆ ಹೋಗುವುದಿಲ್ಲ, ಅವರು ಕದ್ದು ತಿನ್ನುತ್ತಾರೆ ಅಷ್ಟೇ.

ಗರ್ಭಿಣಿಯರಿಗೆ ಸರ್ಕಾರ ಕೊಡುವ ಕೆಂಪು ಮಾತ್ರೆಯಲ್ಲಿ 60 ಮಿ.ಗ್ರಾಂ ಕಬ್ಬಿಣಾಂಶ ಇರುತ್ತದೆ. ಅದನ್ನು ಕಾಫಿ, ಟೀ ಜೊತೆ ನುಂಗಿದರೆ ಮೈಗೆ ಹತ್ತುವುದು ಕಡಿಮೆ. ನಿಂಬೆಹಣ್ಣಿನ ಪಾನಕ ಒಳ್ಳೆಯದು. ಮಾತ್ರೆ ಸರಿಯಾಗಿ ತೆಗೆದುಕೊಂಡೂ ಆಸೆ ಹೋಗದಿದ್ದರೆ, ಬಸುರಿಯಲ್ಲದವರಲ್ಲಿ ಮುಟ್ಟಿನ ರಕ್ತಸ್ರಾವ ಜಾಸ್ತಿಯೇ, ಕೊಕ್ಕೆಹುಳು ಇದೆಯೇ, ಕರುಳು ಕಬ್ಬಿಣವನ್ನು ಹೀರಿಕೊಳ್ಳುತ್ತಿದೆಯೇ ಎಂದು ವೈದ್ಯರ ಹತ್ತಿರ ತೋರಿಸಬೇಕು.